ಉಸಿರು ಒಳಗೆಳೆಯುವ ಭಾಷೆ

ಕೇಳುಗರೇ, ನಮಸ್ಕಾರ. ಸಿಂಧಿಗಳು ಅಂದ ಕೂಡಲೇ ನಮ್ಮ ಜನಕ್ಕೆ ಬಟ್ಟೆ ಅಂಗಡಿ ನೆನಪಾಗುತ್ತದೆ. ಅಷ್ಟಕ್ಕೇ ನಿಂತುಬಿಡುತ್ತೇವೆ. ದಯವಿಟ್ಟು ನಿಲ್ಲಬೇಡಿ. ಅವರ ಮಾತು ಕೇಳಿ. ಸಿಂಧಿ ಕಿವಿಯಿಂದ ಕಲಿಯಬೇಕಾದ ಭಾಷೆ.

ನಾನು ಅದನ್ನು ಮೊದಲು ಪುಸ್ತಕದಿಂದ ಕಲಿತೆ. ಆಮೇಲೆ ಉಲ್ಲಾಸನಗರಕ್ಕೆ ಹೋದೆ. ಮುಂಬೈ ಹತ್ತಿರ, ಕಲ್ಯಾಣದ ಪಕ್ಕದ ಊರು. 1947ರ ವಿಭಜನೆಯಲ್ಲಿ ಸಿಂಧ್ ಬಿಟ್ಟು ಬಂದವರಿಗೆ ಅಲ್ಲಿನ ಮಿಲಿಟರಿ ಕ್ಯಾಂಪಿನ ಬ್ಯಾರಕ್ಕುಗಳೇ ಮನೆಯಾದವು. ಅಲ್ಲೊಬ್ಬ ಅಜ್ಜಿ, ಮೊಮ್ಮಗನನ್ನು ತೊಡೆ ಮೇಲೆ ಕೂರಿಸಿಕೊಂಡಿದ್ದರು. ‘ಮಗು ಚೆನ್ನಾಗಿದೆ’ ಅಂತ ಸಿಂಧಿಯಲ್ಲಿ ಹೇಳಿದೆ. ಅಜ್ಜಿ ಬಿದ್ದು ಬಿದ್ದು ನಕ್ಕರು. ಮಗುವಿಗೆ ‘ಬಾರು’ ಅನ್ನುತ್ತಾರೆ. ಹೊರೆಗೂ ‘ಬಾರು’, ನಮ್ಮ ‘ಭಾರ’ ಇದ್ದ ಹಾಗೆ. ಬರೆದರೆ ನಮಗೆ ಎರಡೂ ಒಂದೇ. ಆದರೆ ಮಗುವಿನ ‘ಬ’ ಬೇರೆ. ತುಟಿ ಮುಚ್ಚಿ, ಉಸಿರನ್ನು ಹೊರಗೆ ತಳ್ಳದೆ ಗಂಟಲೊಳಕ್ಕೆ ಎಳೆದು ಬಿಡಬೇಕು. ನಾನು ಮುದ್ದು ಕೂಸನ್ನು ಹೊರೆ ಅಂದಿದ್ದೆ!

ಅಜ್ಜಿ ನನ್ನ ಕೈ ಹಿಡಿದು ತಮ್ಮ ಗಂಟಲ ಮೇಲಿಟ್ಟುಕೊಂಡರು. ‘ಬಾರು’ ಅಂದರು. ಬೆರಳ ಕೆಳಗೆ ಗಂಟಲಿನ ಗಂಟು ಜಾರಿ ಇಳಿದದ್ದು ತಿಳಿಯಿತು. ಅರ್ಧ ಗಂಟೆ ಕೂರಿಸಿ ಹೇಳಿಸಿದರು. ಗ, ಜ, ಡ, ಬ, ಈ ನಾಲ್ಕಕ್ಕೂ ಹೀಗೆ ಒಳಗೆಳೆಯುವ ಜೋಡಿ ಇದೆ. ಯಾವ ಪುಸ್ತಕವೂ ನನಗೆ ಇದನ್ನು ಕಲಿಸಿರಲಿಲ್ಲ. ಕಿವಿಯೇ ಬೇಕು.

ಇನ್ನೊಂದು ಸಂಗತಿ. ಹಿಂದಿಯ ‘ಘರ್’ ಸಿಂಧಿಯಲ್ಲಿ ‘ಘರು’. ಒಂದು ಮನೆ ಘರು, ಹಲವು ಮನೆ ಘರ. ಕೊನೆಯ ಆ ಪುಟ್ಟ ಸ್ವರ ಸುಮ್ನೆ ಬಂದದ್ದಲ್ಲ, ಲೆಕ್ಕ ಹೇಳುತ್ತದೆ. ಬಸ್ಸು, ಕಾರು ಅನ್ನುವ ನಮ್ಮ ಬಾಯಿಗೆ ಇದು ಹತ್ತಿರದ್ದೇ ಅಲ್ವಾ?

ಸಮಯ ಆಗುತ್ತಾ ಬಂತು, ಲಿಪಿಯ ಬಗ್ಗೆ ಬೇಗ ಹೇಳಿಬಿಡುತ್ತೇನೆ. 1853ರಲ್ಲಿ ಬ್ರಿಟಿಷರು ಅರಬ್ಬೀ ಮೂಲದ 52 ಅಕ್ಷರಗಳ ಲಿಪಿಯನ್ನು ಗೊತ್ತುಮಾಡಿದರು. ಭಾರತದಲ್ಲಿ ದೇವನಾಗರಿಯೂ ನಡೆಯುತ್ತದೆ. ಅಜ್ಜ ಅರಬ್ಬೀ ಲಿಪಿಯಲ್ಲಿ ಬರೆದ ಪತ್ರವನ್ನು ದೇವನಾಗರಿ ಕಲಿತ ಮೊಮ್ಮಗಳು ಓದಲಾರಳು, ಅಜ್ಜನ ಮಾತು ಮಾತ್ರ ಅವಳಿಗೆ ತಿಳಿಯುತ್ತದೆ. ತಮ್ಮದೇ ರಾಜ್ಯ ಇಲ್ಲದಿದ್ದರೂ 1967ರ ಏಪ್ರಿಲ್ 10ರಂದು ಸಿಂಧಿ ನಮ್ಮ ಸಂವಿಧಾನದ ಎಂಟನೇ ಅನುಸೂಚಿ, ಅಂದರೆ ಮಾನ್ಯತೆ ಪಡೆದ ಭಾಷೆಗಳ ಪಟ್ಟಿ, ಸೇರಿತು. ಸಿಂಧಿ ಆಡುವವರು ಜಾಸ್ತಿ ಇರುವುದು ಪಾಕಿಸ್ತಾನದ ಸಿಂಧ್‌ನಲ್ಲೇ. ಅಲ್ಲಿನ ಭಿಟ್ ಶಾಹ್ ಊರಿನಲ್ಲಿ ಕವಿ ಶಾಹ್ ಲತೀಫರ ಸಮಾಧಿಯ ಮುಂದೆ ಫಕೀರರು ಇವತ್ತಿಗೂ ಅವರ ಪದ ಹಾಡುತ್ತಾರೆ.

ನಿಮ್ಮ ಬೀದಿಯಲ್ಲಿ ಸಿಂಧಿ ಮನೆ ಇದ್ದರೆ ಹೋಗಿ. ಹಿರಿಯರನ್ನು ‘ಮಗು’ ಅನ್ನಲು ಕೇಳಿ. ಅವರ ಗಂಟಲು ನೋಡುತ್ತಿರಿ. ನಮಸ್ಕಾರ.