ನೀರುಗಂಟಿಯೂ ಸಿಸಿಯೂ

ಕೇಳುಗರಿಗೆ ನಮಸ್ಕಾರ. ನಾವು ಬರೆದ ಪ್ರೋಗ್ರಾಮನ್ನು ಕಂಪ್ಯೂಟರಿನ ಭಾಷೆಗೆ ಅನುವಾದಿಸುವ ಪ್ರೋಗ್ರಾಮಿಗೆ ಕಂಪೈಲರ್ ಅನ್ನುತ್ತಾರೆ. ಇವತ್ತು ಅದರ ಹೆಸರುಗಳ ಕಥೆ.

ಹೋದ ಸೆಮಿಸ್ಟರಿನಲ್ಲಿ, ತುಮಕೂರಿನ ನಮ್ಮ ಲ್ಯಾಬಿನಲ್ಲಿ, ಪಾವಗಡ ಕಡೆಯ ಹುಡುಗನೊಬ್ಬ ಕೈ ಎತ್ತಿದ. "ಸಾರ್, ಈ ಕಂಪ್ಯೂಟರ್‌ನಲ್ಲಿ ಒಂದೇ ಕಂಪೈಲರ್ ನಾಲ್ಕು ಸಲ ಐತೆ. ಸಿಸಿ, ಜಿಸಿಸಿ, ಜಿಸಿಸಿ-13, ಆಮೇಲೆ ಉದ್ದಾನುದ್ದ ಹೆಸರಿನದೊಂದು. ಡಿಸ್ಕ್ ಬೇರೆ ತುಂಬೋಗೈತೆ. ಮೂರು ತೆಗೆದಾಕ್ಲಾ?" ತಡಿಯಪ್ಪಾ ಅನ್ನೋದರೊಳಗೆ ಮೊದಲನೆಯದನ್ನು ಅಳಿಸಿಯೇಬಿಟ್ಟಿದ್ದ. ಯಾವ ಫೈಲನ್ನಾದರೂ ಅಳಿಸುವ ಅಧಿಕಾರ ಕೊಡುವ ಸೂಡೊ ಪಾಸ್‌ವರ್ಡ್ ಇಡೀ ತರಗತಿಗೆ ಗೊತ್ತಿದ್ದದ್ದು ನನ್ನದೇ ತಪ್ಪು, ಅದನ್ನು ಒಪ್ಪಿಕೊಳ್ಳುತ್ತೇನೆ.

ಅವನು ಉಳಿಸಿದ ಜಾಗ ಎಷ್ಟು ಅಂತೀರಿ? 20 ಬೈಟು.

ಆ ಕಂಪ್ಯೂಟರ್‌ನಲ್ಲಿ ಇದ್ದದ್ದು ಉಬುಂಟು 24.04 ಎಂಬ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ. ಅಲ್ಲಿ ಸಿಸಿ ಅನ್ನೋದು ಕಂಪೈಲರೇ ಅಲ್ಲ, ಒಂದು ಕೈಮರ. ಪ್ರೋಗ್ರಾಮರುಗಳು ಸಿಮ್‌ಲಿಂಕ್ ಅನ್ನುತ್ತಾರೆ. ಅದರೊಳಗೆ ಇರುವುದು ಇಷ್ಟೇ: 'ಇಟಿಸಿ, ಆಲ್ಟರ್ನೇಟಿವ್ಸ್, ಸಿಸಿ ಕಡೆಗೆ ಹೋಗಿ' ಅನ್ನುವ ವಿಳಾಸ. ಇಂಗ್ಲಿಷಿನಲ್ಲಿ ಬರೆದರೆ ಓರೆಗೆರೆಗಳೂ ಸೇರಿ ಆ ವಿಳಾಸಕ್ಕೆ 20 ಅಕ್ಷರ, ಅದಕ್ಕೇ 20 ಬೈಟು. ಅಲ್ಲಿಗೆ ಹೋದರೆ ಇನ್ನೊಂದು ಕೈಮರ, ಅದು ಜಿಸಿಸಿಯನ್ನು ತೋರಿಸುತ್ತದೆ. ಜಿಸಿಸಿ ನಮ್ಮನ್ನು ಜಿಸಿಸಿ-13ಕ್ಕೆ ದಾಟಿಸುತ್ತದೆ. ಅದೂ ಕೈಮರವೇ! ಕೊನೆಗೆ ಸಿಗುವ ಉದ್ದ ಹೆಸರಿನ ಫೈಲೇ ನಿಜವಾದ ಆಸಾಮಿ. ಯಾವ ಪ್ರೊಸೆಸರ್, ಯಾವ ವ್ಯವಸ್ಥೆ ಎಂಬುದೆಲ್ಲ ಅದರ ಹೆಸರಲ್ಲೇ ಇರುತ್ತದೆ, ಊರು, ಮನೆತನ, ಅಪ್ಪನ ಹೆಸರು ಸೇರಿಸಿ ಪಹಣಿಯಲ್ಲಿ ಬರೆದ ಹಾಗೆ. 'ರೀಡ್‌ಲಿಂಕ್' ಆಜ್ಞೆಗೆ 'ಎಫ್' ಆಯ್ಕೆ ಸೇರಿಸಿ ಕೇಳಿದರೆ ನಡುವಿನ ಕೈಮರಗಳನ್ನೆಲ್ಲ ದಾಟಿ ಕೊನೆಯ ವಿಳಾಸವನ್ನೇ ಹೇಳುತ್ತದೆ.

ಇಷ್ಟು ಸುತ್ತು ಯಾಕೆ ಅಂತ ಹುಡುಗ ಕೇಳಿದ. ನಮ್ಮ ಕಡೆ ಕೆರೆ ಇರುವ ಊರಿನವರಿಗೆ ಇದು ಬೇಗ ಅರ್ಥವಾಗುತ್ತದೆ. ತೂಬು ಎತ್ತಬೇಕಾದಾಗ "ನೀರುಗಂಟಿಗೆ ಹೇಳಿ ಕಳಿಸ್ರಪ್ಪ" ಅನ್ನುತ್ತೇವೆ. ಈ ವರ್ಷ ಯಾರ ಮನೆಯ ಪಾಳಿಯೋ, ಅವರು ಬಂದು ಗದ್ದೆಗೆ ನೀರು ಬಿಡುತ್ತಾರೆ. ಸಿಸಿ ಅಂಥ ನೀರುಗಂಟಿ, ಅಂದರೆ ಒಂದು ಹುದ್ದೆ. ಜಿಸಿಸಿ ಆ ಕೆಲಸಕ್ಕೆ ನಿಂತ ಮನೆತನ. ಜಿಸಿಸಿ-13, ಅಂದರೆ ಅದರ 13ನೇ ಆವೃತ್ತಿ, ಆ ಮನೆಯ ಇಂಥ ಮಗ. ಪಾಳಿ ಬದಲಿಸುವ ಆಜ್ಞೆ 'ಅಪ್‌ಡೇಟ್-ಆಲ್ಟರ್ನೇಟಿವ್ಸ್'. ಕ್ಲ್ಯಾಂಗ್ ಎಂಬ ಬೇರೆ ಮನೆತನದವರಿಗೂ ಹುದ್ದೆ ವಹಿಸಬಹುದು.

ಈ ಹುದ್ದೆ ಹಳೆಯದು. 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ಸಿ ಭಾಷೆ ಕಟ್ಟಿದಾಗ ಯೂನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿ ಅದರ ಕಂಪೈಲರನ್ನು ಕರೆಯುತ್ತಿದ್ದದ್ದೇ ಸಿಸಿ ಅಂತ. ರಿಚರ್ಡ್ ಸ್ಟಾಲ್‌ಮನ್ 1987ರಲ್ಲಿ ಗ್ನೂ ಎಂಬ ತಮ್ಮ ಮುಕ್ತ ತಂತ್ರಾಂಶ ಯೋಜನೆಯ ಕಂಪೈಲರ್ ಹೊರತಂದಾಗ ಅದಕ್ಕೆ ಜಿಸಿಸಿ ಅಂತ ಬೇರೆ ಹೆಸರಾಯಿತು. ಆಗ ವಿಸ್ತಾರ 'ಗ್ನೂ ಸಿ ಕಂಪೈಲರ್'. ಬೇರೆ ಭಾಷೆಗಳೂ ಒಳಗೆ ಸೇರಿಕೊಂಡ ಮೇಲೆ, 1999ರಲ್ಲಿ, ಅದು 'ಗ್ನೂ ಕಂಪೈಲರ್ ಕಲೆಕ್ಷನ್' ಆಯಿತು, ಮೂರಕ್ಷರ ಮಾತ್ರ ಹಾಗೇ ಉಳಿಯಿತು. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲೂ ನಮ್ಮೂರು ತುಮಕೂರೇ ಆಯಿತಲ್ಲ, ರೈಲ್ವೆಯವರ 'ಟಿಕೆ' ಎಂಬ ಕೋಡ್ ಮಾತ್ರ ಕದಲಲಿಲ್ಲ, ಹಾಗೆ.

ಹುದ್ದೆಗೆ ಯಾರು ಬಂದರೂ ನನಗೆ ತಕರಾರಿಲ್ಲ. ಫ್ರೀಬಿಎಸ್‌ಡಿ ಎಂಬ ಇನ್ನೊಂದು ಕಾರ್ಯಾಚರಣ ವ್ಯವಸ್ಥೆಯವರು 2014ರ ತಮ್ಮ 10ನೇ ಆವೃತ್ತಿಯಿಂದ ಸಿಸಿ ಕೆಲಸವನ್ನು ಕ್ಲ್ಯಾಂಗ್‌ಗೆ ಒಪ್ಪಿಸಿದರು, ಸರಿ. ಆದರೆ ಆಪಲ್ ಕಂಪ್ಯೂಟರಿನಲ್ಲಿ 'ಜಿಸಿಸಿ' ಅಂತ ಮನೆತನದ ಹೆಸರು ಹಿಡಿದು ಕರೆದರೂ ಓಗೊಡುವುದು ಕ್ಲ್ಯಾಂಗೇ. ಕೆಲಸ ನಡೆಯುತ್ತದೆ, ನಿಜ. ರಂಗಪ್ಪನನ್ನು ಕರೆದರೆ ತಿಮ್ಮಪ್ಪ 'ಓ' ಅಂದ ಹಾಗಿದೆ, ನನಗಂತೂ ಒಪ್ಪಿಗೆಯಿಲ್ಲ.

ಎಲ್ಲ ಜೋಡಿ ಹೆಸರೂ ಕೈಮರವೇ ಅಂದುಕೊಂಡರೂ ಎಡವುತ್ತೀರಿ. ಸಿ ಪ್ಲಸ್ ಪ್ಲಸ್ ಭಾಷೆಗೆ ಇರುವ ಜಿ ಪ್ಲಸ್ ಪ್ಲಸ್ ಅನ್ನೋದು ಜಿಸಿಸಿಯ ಅಡ್ಡಹೆಸರಲ್ಲ, ಬೇರೆಯದೇ ಪ್ರೋಗ್ರಾಂ. ಸಿ ಪ್ಲಸ್ ಪ್ಲಸ್ ಫೈಲನ್ನು ಜಿಸಿಸಿಗೆ ಕೊಟ್ಟರೆ ಫೈಲಿನ ಹೆಸರಿನ ಬಾಲ ನೋಡಿ ಭಾಷೆ ಗುರುತು ಹಿಡಿದು ಅನುವಾದವನ್ನೂ ಮಾಡುತ್ತದೆ. ಆದರೆ ಕೊನೆಯಲ್ಲಿ ಸಿ ಪ್ಲಸ್ ಪ್ಲಸ್ ಲೈಬ್ರರಿಯನ್ನು, ಅಂದರೆ ಆ ಭಾಷೆಯ ಸಿದ್ಧ ಕೋಡಿನ ಕಟ್ಟನ್ನು, ತಾನಾಗಿ ಜೋಡಿಸುವುದಿಲ್ಲ. 'ಅನ್‌ಡಿಫೈನ್ಡ್ ರೆಫರೆನ್ಸ್' ಅಂತ ಪರದೆ ತುಂಬ ಬೈಗುಳ ಬರುತ್ತದೆ. ಪ್ರತಿ ವರ್ಷ ನನ್ನ ಅರ್ಧ ತರಗತಿ ಇಲ್ಲೇ ಮುಗ್ಗರಿಸುತ್ತದೆ. ಕ್ಲ್ಯಾಂಗ್ ಮನೆಯ ರಿವಾಜು ಬೇರೆ. ಅಲ್ಲಿ ಕ್ಲ್ಯಾಂಗ್ ಪ್ಲಸ್ ಪ್ಲಸ್ ನಿಜಕ್ಕೂ ಕೈಮರ. ತನ್ನನ್ನು ಯಾವ ಹೆಸರಿನಿಂದ ಕರೆದರು ಅಂತ ನೋಡಿಕೊಂಡು ಅದೇ ಪ್ರೋಗ್ರಾಂ ನಡತೆ ಬದಲಿಸುತ್ತದೆ.

ಇನ್ನು ಆ ಹುಡುಗನ ಕಥೆ. ಅಳಿಸಿದ ಮೇಲೆ ಜಿಸಿಸಿ ಅಂತ ಟೈಪ್ ಮಾಡಿ ನೋಡಿದ, ಎಲ್ಲ ಸರಿಯಾಗೇ ಇತ್ತು. "ನೋಡಿ ಸಾರ್, ಏನೂ ಆಗ್ಲಿಲ್ಲ" ಅಂದ. "ಮೇಕ್ ಓಡಿಸು" ಅಂದೆ. ಮೇಕ್ ಅಂದರೆ ಕಂಪೈಲರನ್ನು ಕರೆದು ಪ್ರೋಗ್ರಾಂ ಕಟ್ಟಿಸುವ ಮೇಸ್ತ್ರಿ. ಅದಕ್ಕೆ ನಾವಾಗಿ ಕಂಪೈಲರಿನ ಹೆಸರು ಹೇಳದಿದ್ದರೆ ಅದು ಕೂಗುವುದು ಸಿಸಿಯನ್ನೇ. ಕೂಗಿತು, ಯಾರೂ ಬರಲಿಲ್ಲ. 'ಸಿಸಿ: ಅಂಥ ಫೈಲಿಲ್ಲ' ಅಂತ ಕೈಚೆಲ್ಲಿತು. ಹುಡುಗ ನನ್ನ ಮುಖ ನೋಡಿದ. 'ಅಪ್‌ಡೇಟ್-ಆಲ್ಟರ್ನೇಟಿವ್ಸ್'ಗೆ 'ಆಟೊ ಸಿಸಿ' ಅಂತ ಸೇರಿಸಿ ಹೊಡೆಯಲು ಹೇಳಿದೆ. ಕೊಂಡಿ ಮುರಿದಿದೆ, ಮತ್ತೆ ಕೂರಿಸುತ್ತಿದ್ದೇನೆ ಅಂತ ಗೊಣಗಿ, ಕೈಮರ ನೆಟ್ಟಿತು. ಅವನು ಅಳಿಸಿದ 20 ಬೈಟೂ ವಾಪಸು ಬಂತು. ಸೂಡೊ ಪಾಸ್‌ವರ್ಡನ್ನು ನಾನು ಅವತ್ತೇ ಬದಲಿಸಿದೆ.

ನಮಸ್ಕಾರ.