ಯಾರ ಕಲ್ಲು, ಯಾರ ಕೊರಳು

ಕೇಳುಗರೇ, ನಮಸ್ಕಾರ.

ಭೀಕರ ಕೊಲೆಯೊಂದರ ಸುದ್ದಿ ಬಂದ ದಿನ ಕಾಸರಗೋಡಿನ ಬಸ್ ನಿಲ್ದಾಣದಲ್ಲಾಗಲಿ ಕುಂಬಳೆಯ ಪೇಟೆಯಲ್ಲಾಗಲಿ ಕೇಳಿಬರುವ ಮಾತು ಒಂದೇ: ‘ಇಂಥವರನ್ನು ಗಲ್ಲಿಗೇರಿಸಬೇಕು.’ ಆ ಸಿಟ್ಟು ನ್ಯಾಯವಾದದ್ದೇ. ಮಗುವನ್ನು ಕಳೆದುಕೊಂಡ ತಾಯಿಗೆ ಕ್ಷಮೆಯ ಪಾಠ ಹೇಳುವ ಹಕ್ಕು ನನಗಿಲ್ಲ. ಆದರೂ ಮರಣದಂಡನೆ ಬೇಡವೆಂದೇ ಹೇಳುತ್ತೇನೆ. ಕಾರಣ ನಮ್ಮ ಜಿಲ್ಲೆಯಲ್ಲೇ ಇದೆ.

ನಮ್ಮ ಕಾಸರಗೋಡು ಜಿಲ್ಲೆಯ ಹಳ್ಳಿ ಕಯ್ಯೂರು ಬ್ರಿಟಿಷರ ಕಾಲದಲ್ಲಿ ದಕ್ಷಿಣ ಕನ್ನಡಕ್ಕೆ ಸೇರಿತ್ತು. ಪೊಲೀಸರ ದಬ್ಬಾಳಿಕೆಯಿಂದ ಅಲ್ಲಿನ ರೈತರು ಕುದಿಯುತ್ತಿದ್ದರು. 1941ರ ಮಾರ್ಚ್ 28ರಂದು ಅವರ ಮೆರವಣಿಗೆಯ ಎದುರಿಗೆ ಸುಬ್ಬರಾಯನ್ ಎಂಬ ಪೇದೆ ಸಿಕ್ಕಿಬಿದ್ದ. ಕೆಂಬಾವುಟವನ್ನು ಅವನ ಕೈಗೆ ಕೊಟ್ಟು ಮುಂದೆ ನಡೆಸಿದರು. ತಪ್ಪಿಸಿಕೊಳ್ಳಲೆಂದು ಅವನು ತೇಜಸ್ವಿನಿ ಹೊಳೆಗೆ ಹಾರಿದ. ದಡದಿಂದ ಕಲ್ಲುಗಳು ಬಿದ್ದವು. ಅವನು ಜೀವಂತವಾಗಿ ಮೇಲೆ ಬರಲಿಲ್ಲ. ಆ ಸಾವು ಸಣ್ಣದಲ್ಲ. ಅವನಿಗೂ ಒಂದು ಮನೆಯಿತ್ತು. ಆದರೆ ಅಷ್ಟು ಜನರ ನಡುವೆ ಯಾವ ಕಲ್ಲು ಯಾರ ಕೈಯದೆಂದು ಹೇಳಬಲ್ಲವರು ಯಾರು? ನ್ಯಾಯಾಲಯ ಹೇಳಿತು. ಮಠತ್ತಿಲ್ ಅಪ್ಪು, ಚಿರುಕಂಡನ್, ಕುಂಞಂಬು ನಾಯರ್, ಅಬೂಬಕ್ಕರ್ ಈ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರಿನ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಐದನೆಯವರಾದ ಚೂರಿಕ್ಕಾಡನ್ ಕೃಷ್ಣನ್ ನಾಯರ್ ಇನ್ನೂ ಪ್ರಾಯಕ್ಕೆ ಬಂದಿರಲಿಲ್ಲ. ಅದೊಂದೇ ಕಾರಣಕ್ಕೆ ಉಳಿದರು. ದೊರೆಗಳು ಹೋದರು, ಕೊಲೆಗಾರರೆನಿಸಿದ್ದ ನಾಲ್ವರು ಹುತಾತ್ಮರಾದರು. ಆಳುವವರು ಬದಲಾದಂತೆ ಅಪರಾಧಿಯ ಹೆಸರೂ ಬದಲಾಗುತ್ತದೆಂದರೆ, ಹಿಂತೆಗೆಯಲಾಗದ ಶಿಕ್ಷೆಯನ್ನು ಯಾವ ಧೈರ್ಯದಿಂದ ಕೊಡುವುದು?

ಅದು ಬ್ರಿಟಿಷರ ಕಾಲದ ಮಾತು ಎನ್ನಬಹುದು. ಮಹಾರಾಷ್ಟ್ರದಲ್ಲಿ 2003ರಲ್ಲಿ ನಡೆದ ಘೋರ ಕೊಲೆ ಪ್ರಕರಣವೊಂದರಲ್ಲಿ ಅಲೆಮಾರಿ ಸಮುದಾಯದ ಆರು ಮಂದಿಗೆ ಸುಪ್ರೀಂ ಕೋರ್ಟ್ 2009ರಲ್ಲಿ ಗಲ್ಲು ವಿಧಿಸಿತು. ಬದುಕುಳಿದ ಸಾಕ್ಷಿ ಮೊದಲು ಪೊಲೀಸರ ಫೋಟೋಗಳಲ್ಲಿ ಗುರುತಿಸಿದ್ದು ಬೇರೆ ನಾಲ್ವರನ್ನು. ಆ ಜಾಡನ್ನು ಹಿಡಿದು ಯಾರೂ ಹೋಗಿರಲಿಲ್ಲ. 2019ರಲ್ಲಿ ಅದೇ ಸುಪ್ರೀಂ ಕೋರ್ಟ್ ಆರೂ ಮಂದಿ ನಿರ್ದೋಷಿಗಳೆಂದಿತು, ತಲಾ ಐದು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ನಡುವೆ ಹಗ್ಗ ಬಿಗಿದಿದ್ದರೆ ಆ ಹಣ ಪಡೆಯಲು ಯಾರಿರುತ್ತಿದ್ದರು?

‘ಅಪರೂಪದಲ್ಲಿ ಅಪರೂಪ’ದ ಪ್ರಕರಣಕ್ಕೆ ಮಾತ್ರ ಗಲ್ಲು ಎಂದು 1980ರಲ್ಲೇ ತೀರ್ಪಾಗಿದೆ. ಯಾವುದು ಅಪರೂಪ ಎಂಬುದು ಮಾತ್ರ ಪೀಠದಿಂದ ಪೀಠಕ್ಕೆ ಬೇರೆಯಾಗುತ್ತದೆ.

ಇತ್ತೀಚಿನ ಕಾನೂನೊಂದು ನನ್ನನ್ನು ಹೆಚ್ಚು ಕಾಡುತ್ತಿದೆ. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ, ಐದು ಅಥವಾ ಹೆಚ್ಚು ಜನರ ಗುಂಪು ಜಾತಿ, ಭಾಷೆಯಂಥ ಕಾರಣಕ್ಕೆ ಒಬ್ಬರನ್ನು ಕೊಂದರೆ ಗುಂಪಿನ ಪ್ರತಿಯೊಬ್ಬರಿಗೂ ಮರಣದಂಡನೆ ವಿಧಿಸಬಹುದು. ಗುಂಪುಹತ್ಯೆ ಹೇಯ ಕೃತ್ಯ. ಕಠಿಣ ಶಿಕ್ಷೆ ಆಗಲೇಬೇಕು. ಆದರೆ ಏಟು ಹಾಕಿದವನಾರು, ಬಿಡಿಸಲು ಹೋದವನಾರು ಎಂಬುದನ್ನು ತಪ್ಪಬಲ್ಲ ಸಾಕ್ಷಿಗಳೇ ಹೇಳಬೇಕು. ಗಲ್ಲಿನ ಬದಲಿಗೆ ಸಾಯುವವರೆಗೂ ಬಿಡುಗಡೆಯಿಲ್ಲದ ಸೆರೆವಾಸಕ್ಕೆ ಸುಪ್ರೀಂ ಕೋರ್ಟ್ 2008ರಲ್ಲೇ ದಾರಿ ಮಾಡಿಕೊಟ್ಟಿದೆ. ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧ ಸಾರುವುದನ್ನು ಬಿಟ್ಟು ಉಳಿದೆಲ್ಲ ಅಪರಾಧಗಳಿಗೆ ಗಲ್ಲನ್ನು ಕೈಬಿಡಿ ಎಂದು ಕಾನೂನು ಆಯೋಗ 2015ರಲ್ಲಿ ಶಿಫಾರಸು ಮಾಡಿದೆ. ಆ ವರದಿಯನ್ನು ಸಂಸತ್ತಿನಲ್ಲಿ ಚರ್ಚೆಗೆ ತನ್ನಿರೆಂದು ಮುಂದಿನ ಬಾರಿ ಮತ ಕೇಳಲು ಬಂದವರನ್ನು ನಾವು ಒತ್ತಾಯಿಸಬೇಕು. ನಮಸ್ಕಾರ.