ಕೇಳಿಸಿಕೊಳ್ಳುವ ಡಾಕ್ಟರ್: ‘ದಿ ಹ್ಯೂಮನ್ ಜಂಗಲ್’ ಬಗ್ಗೆ

ಎಲ್ಲರಿಗೂ ನಮಸ್ಕಾರ.

1963ರ ಹೊತ್ತಿಗೆ ಬ್ರಿಟನ್ನಿನ ಟಿವಿಯಲ್ಲಿ ಡಾಕ್ಟರುಗಳಿಗೇನೂ ಬರವಿರಲಿಲ್ಲ. ‘ಎಮರ್ಜೆನ್ಸಿ ವಾರ್ಡ್ 10’ 1957ರಿಂದ ಓಡುತ್ತಿತ್ತು. ಬಿಬಿಸಿಯ ‘ಡಾಕ್ಟರ್ ಫಿನ್ಲೇಸ್ ಕೇಸ್‌ಬುಕ್’ ಹಿಂದಿನ ವರ್ಷವಷ್ಟೇ ಶುರುವಾಗಿತ್ತು. ಈ ಡಾಕ್ಟರುಗಳ ಕೈಗೆ ಯಾವಾಗಲೂ ಏನಾದರೊಂದು ಕೆಲಸ ಇರುತ್ತಿತ್ತು. ಸ್ಟೆತಸ್ಕೋಪು, ಇಂಜೆಕ್ಷನ್ನು, ಬ್ಯಾಂಡೇಜು, ಆಪರೇಷನ್ ಥಿಯೇಟರು. ಆ ವರ್ಷ ಐಟಿವಿ ಎಂಬ ಖಾಸಗಿ ಚಾನೆಲ್‌ನಲ್ಲಿ ಬಂದ ಮನೋವೈದ್ಯ ಡಾಕ್ಟರ್ ರೋಜರ್ ಕಾರ್ಡರ್ ಬೇರೆ ಥರದ ಮನುಷ್ಯ. ಅವರ ಕೈ ಸುಮ್ಮನಿರುತ್ತದೆ. ಎದುರಿಗೆ ಕೂತವರು ಮಾತಾಡುತ್ತಾರೆ, ಇವರು ಕೇಳಿಸಿಕೊಳ್ಳುತ್ತಾರೆ. ಅವರ ಮುಖ್ಯ ಕೆಲಸ ಅದೇ.

ಧಾರಾವಾಹಿಯ ಹೆಸರು ‘ದಿ ಹ್ಯೂಮನ್ ಜಂಗಲ್’. ಎರಡು ಸರಣಿ, ಒಟ್ಟು 26 ಕಂತು, ಎಲ್ಲವೂ ಕಪ್ಪು ಬಿಳುಪು. ಐಟಿವಿ ಜಾಲದ ಎಬಿಸಿ ಟೆಲಿವಿಷನ್ ಕಂಪನಿಗಾಗಿ ತಯಾರಾದದ್ದು. ಇದನ್ನು ಸ್ಟುಡಿಯೋದಲ್ಲಿ ವಿಡಿಯೋ ಟೇಪಿನ ಮೇಲೆ ಹಿಡಿಯಲಿಲ್ಲ, ಸಿನಿಮಾದಂತೆ ಫಿಲ್ಮಿನ ಮೇಲೆ ತೆಗೆದರು. ನಿರ್ದೇಶಕರೂ ಸಿನಿಮಾದವರೇ. ಟೈಟಾನಿಕ್ ಮುಳುಗಿದ ಕಥೆಯನ್ನು 1958ರಲ್ಲಿ ತೆರೆಗೆ ತಂದ ರಾಯ್ ವಾರ್ಡ್ ಬೇಕರ್ ಇಲ್ಲಿಯೂ ಕಂತುಗಳನ್ನು ನಿರ್ದೇಶಿಸಿದ್ದಾರೆ. ಹಾಗಾಗಿ ಬೆಳಕು ನೆರಳು ಇಂದಿಗೂ ಕಣ್ಣಿಗೆ ಹಿತವಾಗಿದೆ.

ಕಾರ್ಡರ್‌ಗೆ ಎರಡು ಕಡೆ ಕೆಲಸ. ಲಂಡನ್ನಿನ ಹಾರ್ಲಿ ಸ್ಟ್ರೀಟ್‌ನಲ್ಲಿ ಖಾಸಗಿ ಕ್ಲಿನಿಕ್ಕು. ದೊಡ್ಡ ದೊಡ್ಡ ಡಾಕ್ಟರುಗಳು ಬೋರ್ಡು ಹಾಕಿಕೊಂಡು ಕೂರುವ ಬೀದಿ ಅದು. ಇನ್ನೊಂದು ಕಡೆ ಸೇಂಟ್ ಡೇಮಿಯನ್ಸ್ ಎಂಬ ಕಾಲ್ಪನಿಕ ಆಸ್ಪತ್ರೆ. ಈ ಏರ್ಪಾಡಿನಿಂದ ಕಥೆಗಾರರಿಗೆ ದೊಡ್ಡ ಅನುಕೂಲವಾಯಿತು. ದುಡ್ಡಿದ್ದವರೂ ಬರಬಹುದು, ಇಲ್ಲದವರೂ ಬರಬಹುದು. ಕಂಪನಿಯ ದೊಡ್ಡ ಕುರ್ಚಿಗೆ ಕಣ್ಣಿಟ್ಟವರು, ರಂಗನಟಿ, ಬಾಕ್ಸರ್, ಸೈನ್ಯದ ಸಾರ್ಜೆಂಟ್ ಮೇಜರ್ ಎಲ್ಲರೂ ಈ ಕಥೆಗಳಲ್ಲಿ ಇದ್ದಾರೆ.

ಈಗ ಕಾರ್ಡರ್ ಪಾತ್ರ ಮಾಡಿದ ಹರ್ಬರ್ಟ್ ಲೋಮ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಅವರಿಲ್ಲದೆ ಈ ಧಾರಾವಾಹಿ ಇಲ್ಲ.

ಲೋಮ್ ಹುಟ್ಟಿದ್ದು 1917ರಲ್ಲಿ, ಪ್ರಾಗ್ ನಗರದಲ್ಲಿ. 1939ರಲ್ಲಿ, ಹಿಟ್ಲರ್ ಚೆಕ್ ನೆಲವನ್ನು ನುಂಗಿದ ವರ್ಷ, ಬ್ರಿಟನ್ನಿಗೆ ಬಂದರು. ಯುದ್ಧದ ಕಾಲದಲ್ಲಿ ಬಿಬಿಸಿ ರೇಡಿಯೋದ ಯುರೋಪ್ ವಿಭಾಗದಲ್ಲಿ ದುಡಿದರು. ಸಿನಿಮಾದವರು ಅವರ ಕಪ್ಪು ಕಣ್ಣು, ದಪ್ಪ ಹುಬ್ಬು, ಹೊರನಾಡಿನ ಉಚ್ಚಾರ ನೋಡಿದರು. ಕೊಟ್ಟದ್ದು ಹೆಚ್ಚಾಗಿ ಕೇಡಿಗನ ಪಾತ್ರ. 1955ರ ‘ದಿ ಲೇಡಿಕಿಲ್ಲರ್ಸ್’ನಲ್ಲಿ ದರೋಡೆ ಗುಂಪಿನವನು. 1962ರಲ್ಲಿ ‘ದಿ ಫ್ಯಾಂಟಮ್ ಆಫ್ ದಿ ಒಪೆರಾ’ದ ಮುಖವಾಡದ ಮನುಷ್ಯ. ಮರುವರ್ಷವೇ ಅದೇ ನಟ ಕುರ್ಚಿ ಎಳೆದುಕೊಂಡು ಕೂತು ಜನರ ಸಂಕಟ ಕೇಳತೊಡಗಿದರು.

ಈ ಪಾತ್ರ ಲೋಮ್ ಅವರಿಗೇ ಸಿಕ್ಕಿದ್ದು ಸುಮ್ನೆ ಅಲ್ಲ. 1945ರ ‘ದಿ ಸೆವೆಂತ್ ವೇಲ್’ ಸಿನಿಮಾದಲ್ಲಿ ಅವರು ಆಗಲೇ ಮನೋವೈದ್ಯನಾಗಿದ್ದರು. ಆ್ಯನ್ ಟಾಡ್ ಮಾಡಿದ ಪಿಯಾನೋ ಕಲಾವಿದೆ ಅದರ ನಾಯಕಿ. ತನ್ನ ಕೈಗಳು ಇನ್ನು ಯಾವತ್ತೂ ಪಿಯಾನೋ ನುಡಿಸಲಾರವು ಎಂದು ಅವಳು ನಂಬಿಬಿಟ್ಟಿದ್ದಾಳೆ. ಮಾತೂ ನಿಂತಿದೆ. ಆಸ್ಪತ್ರೆಯಿಂದ ತಪ್ಪಿಸಿಕೊಂಡು ಹೋಗಿ ನದಿಗೆ ಹಾರುತ್ತಾಳೆ. ಅವಳನ್ನು ಉಳಿಸಿ ಕರೆತಂದ ಮೇಲೆ ಡಾಕ್ಟರ್ ಲಾರ್ಸನ್ ಬರುತ್ತಾರೆ. ಮನುಷ್ಯನ ಮನಸ್ಸಿಗೆ ಏಳು ತೆರೆಗಳಿವೆ ಎನ್ನುತ್ತಾರೆ ಅವರು. ಸ್ನೇಹಿತರೆದುರು ಒಂದೆರಡು ಸರಿಯುತ್ತವೆ, ಪ್ರೀತಿಸಿದವರೆದುರು ಇನ್ನೂ ಕೆಲವು. ಕೊನೆಯದು ಯಾರೆದುರೂ ಸರಿಯುವುದಿಲ್ಲ. ಸಂಮೋಹನ ಮಾಡಿ ಆ ಹುಡುಗಿಯ ಬಾಲ್ಯದಿಂದ ಕಥೆ ಬಿಡಿಸುತ್ತಾ ಬರುತ್ತಾರೆ. ಮಹಾಯುದ್ಧ ಆಗಷ್ಟೇ ಮುಗಿದಿತ್ತು. ಮನಸ್ಸು ಮುರಿದು ಬಂದ ಗಂಡಸರು, ಬಾಂಬಿನ ರಾತ್ರಿಗಳನ್ನು ಕಂಡ ಹೆಂಗಸರು ಊರೂರಲ್ಲಿ ಇದ್ದರು. ಬ್ರಿಟನ್ನಿನಲ್ಲಿ ಸಿನಿಮಾ ಭರ್ಜರಿಯಾಗಿ ಓಡಿತು. ಅಲ್ಲಿಂದ ಹದಿನೆಂಟು ವರ್ಷಕ್ಕೆ ಕಾರ್ಡರ್ ಬಂದರು. ಈ ಸಲ ಮನೆಮನೆಯ ನಡುಮನೆಗೆ.

ಎಲ್ಲಕ್ಕಿಂತ ನನಗೆ ಮುಖ್ಯ ಅನಿಸುವುದು ಇದು. ಇಬ್ಬರು ಎದುರುಬದುರು ಕೂತು ಮಾತಾಡುವುದನ್ನು ತೆರೆಯ ಮೇಲೆ ಎಷ್ಟು ಹೊತ್ತು ನೋಡಲಾದೀತು? ಹೊಡೆದಾಟ ಇಲ್ಲ, ಓಟ ಇಲ್ಲ. ಇದಕ್ಕೆ ಲೋಮ್ ಅವರ ಮುಖವೇ ಉತ್ತರ. ರೋಗಿ ಸುಳ್ಳು ಹೇಳಿದಾಗ ಅವರು ತಡೆಯುವುದಿಲ್ಲ. ಕಣ್ಣು ಒಂದು ಚೂರು ಕಿರಿದಾಗುತ್ತದೆ, ಅಷ್ಟೆ. ರೋಗಿ ರೇಗಿದರೆ ತಿರುಗಿ ರೇಗುವುದಿಲ್ಲ. ಸುಮ್ಮನಿದ್ದರೆ ತಾವೂ ಸುಮ್ಮನಿರುತ್ತಾರೆ. ಆ ಮೌನವನ್ನು ತುಂಬುವ ಅವಸರ ಅವರಿಗಿಲ್ಲ. ಅದೇ ಉಚ್ಚಾರ, ಅದೇ ಕಣ್ಣುಗಳು ಇಲ್ಲಿ ನಂಬಿಕೆ ಹುಟ್ಟಿಸುತ್ತವೆ. ಹೊರಗಿನಿಂದ ಬಂದವನಿಗೆ ಜನರನ್ನು ಗಮನವಿಟ್ಟು ನೋಡುವುದು ಬದುಕುವ ದಾರಿಯೇ ಆಗಿರುತ್ತದೆ, ಅಲ್ವಾ? ಲೋಮ್ ಅಂಥ ಬದುಕನ್ನು ಬದುಕಿದ್ದವರು.

‘ದಿ ಫ್ಲಿಪ್ ಸೈಡ್ ಮ್ಯಾನ್’ ಕಂತನ್ನು ಉದಾಹರಣೆಗೆ ತೆಗೆದುಕೊಳ್ಳಿ. ಅದರಲ್ಲೊಬ್ಬ ಪಾಪ್ ಗಾಯಕ. ಅಭಿಮಾನಿಗಳು ಮುತ್ತಿಕೊಳ್ಳುವ ಹುಡುಗ. ತನ್ನಂತೆಯೇ ಇರುವ ಇನ್ನೊಬ್ಬ ತನ್ನ ಹಿಂದೆ ಬಿದ್ದಿದ್ದಾನೆ ಎಂಬ ಭಯ ಅವನಿಗೆ. ಪಾತ್ರ ಮಾಡಿದವರು ಜೆಸ್ ಕಾನ್ರಾಡ್. ಅವರು ನಿಜ ಜೀವನದಲ್ಲೂ ಪಾಪ್ ಹಾಡುಗಾರರೇ. ಬೀಟಲ್ಸ್ ಹುಚ್ಚು ಬ್ರಿಟನ್ನಿಗೆ ಹಿಡಿದ ವರ್ಷವೂ ಅದೇ 1963. ಹದಿಹರೆಯದ ಹುಡುಗರನ್ನು ರಾತ್ರೋರಾತ್ರಿ ವೇದಿಕೆ ಹತ್ತಿಸಿ, ಹೆಸರು ಬದಲಿಸಿ, ಬಟ್ಟೆ ಬದಲಿಸಿ ಮಾರಾಟಕ್ಕಿಡುವ ವ್ಯಾಪಾರ ಜೋರಾಗಿ ನಡೆಯುತ್ತಿದ್ದ ಕಾಲ. ಮಾರಿದ ಮೇಲೆ ಉಳಿದ ಹುಡುಗ ಯಾರು? ಆ ಇನ್ನೊಬ್ಬ ಎಲ್ಲಿಂದ ಬಂದ ಎಂಬುದಕ್ಕೆ ನನಗೆ ಉತ್ತರ ಸಿಗುವುದು ಇಲ್ಲಿ. ಹುಡುಗನ ತಲೆ ಕೆಟ್ಟಿದೆ ಎಂದು ತಳ್ಳಿಹಾಕುವುದು ಎಲ್ಲರಿಗೂ ಸುಲಭವಿತ್ತು. ಕಾರ್ಡರ್ ಮಾತ್ರ ಆ ಇನ್ನೊಬ್ಬನ ಬಗ್ಗೆಯೂ ವಿಚಾರಿಸುತ್ತಾರೆ.

ಇದೆಲ್ಲ ಬರುವ ಮುಂಚೆ ಬ್ರಿಟನ್ನಿನ ಕಾನೂನು ಬದಲಾಗಿತ್ತು. 1890ರ ಲೂನಸಿ ಆ್ಯಕ್ಟ್ ಹೋಗಿ 1959ರಲ್ಲಿ ಮೆಂಟಲ್ ಹೆಲ್ತ್ ಆ್ಯಕ್ಟ್ ಬಂತು. ಮೈಗೆ ಹುಷಾರಿಲ್ಲದವರಂತೆ ಮನಸ್ಸಿಗೆ ಹುಷಾರಿಲ್ಲದವರೂ ತಾವಾಗಿಯೇ ಬಂದು ಆಸ್ಪತ್ರೆ ಸೇರಬಹುದು, ಇದೇ ಸಾಮಾನ್ಯ ರೀತಿಯಾಗಬೇಕು ಎಂಬುದು ಅದರ ಆಶಯ. 1961ರವರೆಗೆ ಇಂಗ್ಲೆಂಡಿನಲ್ಲಿ ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರು ಅಪರಾಧಿಗಳು. ಆ ವರ್ಷ ಅದನ್ನೂ ತೆಗೆದರು. ನಾವು ಇಲ್ಲಿ ಸ್ವಲ್ಪ ನಿಲ್ಲಬೇಕು. ಅವರು ನಮಗೆ ಕೊಟ್ಟುಹೋದ ಕಾನೂನನ್ನು ನಾವು ಅವರಿಗಿಂತ ತುಂಬಾ ಜಾಸ್ತಿ ದಿನ ಇಟ್ಟುಕೊಂಡೆವು. 1912ರ ಇಂಡಿಯನ್ ಲೂನಸಿ ಆ್ಯಕ್ಟ್ ಬದಲಿಗೆ ನಮ್ಮಲ್ಲಿ ಹೊಸ ಕಾನೂನು ಬಂದದ್ದು 1987ರಲ್ಲಿ. ಬದುಕುಳಿದವರನ್ನು ಶಿಕ್ಷಿಸುತ್ತಿದ್ದ, ಭಾರತೀಯ ದಂಡ ಸಂಹಿತೆಯ ಸೆಕ್ಷನ್ 309ರ ಹಲ್ಲು ಕಿತ್ತದ್ದು 2017ರ ಮಾನಸಿಕ ಆರೋಗ್ಯ ಕಾನೂನು. ಸಾವಿನ ಅಂಚಿಗೆ ಹೋಗಿ ಬಂದವರ ಹಾಸಿಗೆ ಪಕ್ಕ ಪೊಲೀಸರು ನಿಲ್ಲುವುದು ಅಂದರೆ ಏನೆಂದು ಯೋಚಿಸಿ. ಕಾರ್ಡರ್ ಆ ಹಾಸಿಗೆ ಪಕ್ಕ ಕುರ್ಚಿ ಹಾಕಿಕೊಂಡು ಕೂರಬೇಕಾದರೆ ಮೊದಲು ಪೊಲೀಸರು ಅಲ್ಲಿಂದ ಏಳಬೇಕಿತ್ತು.

ಮನೆಯಲ್ಲಿ ಕಾರ್ಡರ್ ಬೇರೆಯೇ. ಹೆಂಡತಿ ತೀರಿಕೊಂಡಿದ್ದಾರೆ. ಹದಿಹರೆಯದ ಮಗಳು ಜೆನ್ನಿಫರ್ ಇದ್ದಾಳೆ. ಸ್ಯಾಲಿ ಸ್ಮಿತ್ ಆ ಪಾತ್ರ ಮಾಡಿದ್ದಾರೆ. ಬೇರೆಯವರ ಮಕ್ಕಳ ಸಿಟ್ಟು ಅರ್ಥವಾಗುವ ಈ ಅಪ್ಪನಿಗೆ ಸ್ವಂತ ಮಗಳ ಜೊತೆ ಮಾತಾಡುವಾಗ ತಾಳ್ಮೆ ತಪ್ಪುತ್ತದೆ. ಈ ದೃಶ್ಯಗಳು ಕಥೆಗೆ ಅಂಟಿಸಿದ ತೇಪೆ ಎನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಕ್ಲಿನಿಕ್ಕಿನಲ್ಲಿ ಕಾರ್ಡರ್ ಹೊರಗಿನವರು, ಅದಕ್ಕೇ ಅಲ್ಲಿ ಕೇಳಿಸಿಕೊಳ್ಳಬಲ್ಲರು. ಮನೆಯಲ್ಲಿ ಅವರಿಗೂ ನೋವಿದೆ, ಭಯವಿದೆ, ಮಗಳು ದೂರ ಹೋಗುತ್ತಾಳೆಂಬ ಆತಂಕವಿದೆ. ಎಲ್ಲ ಬಲ್ಲ ದೇವರಂಥ ಡಾಕ್ಟರನ್ನು ತೋರಿಸುವುದು ತುಂಬಾ ಸುಲಭವಿತ್ತು. ಧಾರಾವಾಹಿ ಮಾಡಿದವರು ಹಾಗೆ ಮಾಡಲಿಲ್ಲ.

ಇನ್ನು ಕೊರತೆ. ಒಂದು ಗಂಟೆಯ ಜಾಗದಲ್ಲಿ, ಜಾಹೀರಾತು ಕಳೆದು ಉಳಿಯುವ ಸಮಯದಲ್ಲಿ, ಒಬ್ಬರ ಗಂಟು ಬಿಚ್ಚಬೇಕು. ಹಾಗಾಗಿ ಎಷ್ಟೋ ಕಂತುಗಳು ಪತ್ತೇದಾರಿ ಕಥೆಯ ದಾರಿ ಹಿಡಿಯುತ್ತವೆ. ಬಾಲ್ಯದಲ್ಲಿ ಏನೋ ನಡೆದಿರುತ್ತದೆ, ಅದು ನೆನಪಾಗುತ್ತದೆ, ಅಳು ಬರುತ್ತದೆ, ವಾಸಿಯಾಗುತ್ತದೆ. ಮನಸ್ಸಿನ ಕಾಯಿಲೆ ಅನುಭವಿಸಿದವರಿಗೆ, ಅವರನ್ನು ನೋಡಿಕೊಂಡವರಿಗೆ ಗೊತ್ತು, ಇದು ಹೀಗೆ ಮುಗಿಯುವುದಿಲ್ಲ. ಮಾತ್ರೆ ವರ್ಷಗಟ್ಟಲೆ ನುಂಗಬೇಕು. ಒಂದು ತಿಂಗಳು ಚೆನ್ನಾಗಿದ್ದವರು ಮುಂದಿನ ತಿಂಗಳು ಹಾಸಿಗೆ ಬಿಟ್ಟು ಏಳುವುದಿಲ್ಲ. ಕ್ಲೋರ್‌ಪ್ರೊಮಝೀನ್‌ನಂಥ ಔಷಧಿಗಳು 1950ರ ದಶಕದಲ್ಲೇ ಆಸ್ಪತ್ರೆಗಳ ಚಿತ್ರವನ್ನು ಬದಲಿಸಿದ್ದವು. ಆದರೆ ಧಾರಾವಾಹಿಗೆ ಮಾತ್ರೆಗಿಂತ ಮಾತಿನ ಮೇಲೇ ಒಲವು.

1961ರ ಮಾರ್ಚಿನಲ್ಲಿ ಆಗಿನ ಆರೋಗ್ಯ ಮಂತ್ರಿ ಈನಾಕ್ ಪವೆಲ್ ಒಂದು ಭಾಷಣ ಮಾಡಿದರು. ಹಳೆಯ ದೊಡ್ಡ ದೊಡ್ಡ ಮಾನಸಿಕ ಆಸ್ಪತ್ರೆಗಳು ಹೋಗಬೇಕು, ಹದಿನೈದು ವರ್ಷದಲ್ಲಿ 75,000 ಹಾಸಿಗೆಗಳಾದರೂ ಕಡಿಮೆಯಾಗಬೇಕು ಎಂದರು. ಮುಚ್ಚಲು ಅವರು ಅಂದುಕೊಂಡದ್ದಕ್ಕಿಂತ ತುಂಬಾ ಜಾಸ್ತಿ ಕಾಲ ಹಿಡಿಯಿತು. ಉತ್ತರ ಲಂಡನ್ನಿನ ಫ್ರೈಯರ್ನ್ ಆಸ್ಪತ್ರೆ ಮುಚ್ಚಿದ್ದು 1993ರಲ್ಲಿ. ಹೊರಗೆ ಬಂದವರು ಎಲ್ಲಿಗೆ ಹೋಗಬೇಕು, ಅವರಿಗೆ ಯಾರು ಕೆಲಸ ಕೊಡಬೇಕು, ಬಾಡಿಗೆಗೆ ಯಾರು ಮನೆ ಕೊಡಬೇಕು ಎಂಬ ಪ್ರಶ್ನೆ ಡಾಕ್ಟರ ಕೋಣೆಯಲ್ಲಿ ಬಗೆಹರಿಯುವಂಥದ್ದಲ್ಲ.

ಕಾರ್ಡರ್ ಅವರ ತಂಡದಲ್ಲಿ ಇದಕ್ಕೆ ಸರಿಯಾದ ವ್ಯಕ್ತಿ ಒಬ್ಬರಿದ್ದರು. ಜೇನ್ ಹ್ಯಾರಿಸ್, ಮನೋರೋಗಿಗಳಿಗಾಗಿ ದುಡಿಯುವ ಸೋಷಿಯಲ್ ವರ್ಕರ್. ಮೇರಿ ಸ್ಟೀಲ್ ಮಾಡಿದ ಪಾತ್ರ. ರೋಗಿಯ ಮನೆ, ಸಂಸಾರ, ಕೆಲಸದ ಜಾಗ, ಇವು ಅವರ ವೃತ್ತಿಯ ಹೊಲ. ಕಥೆಯಲ್ಲಿ ಅವರಿಗೆ ಸಿಕ್ಕ ಜಾಗ ಚಿಕ್ಕದು. ನನಗಂತೂ ಅವರ ಹಿಂದೆ ಹೋಗುವ ಒಂದು ಇಡೀ ಕಂತು ಬೇಕಿತ್ತು. ರೋಗಿ ಡಾಕ್ಟರಿಗೆ ಥ್ಯಾಂಕ್ಸ್ ಹೇಳಿ ಹೊರಟ ಮೂರನೇ ವಾರ ಜೇನ್ ಹೋಗಿ ಆ ರೋಗಿಯ ಮನೆ ಬಾಗಿಲು ತಟ್ಟಬೇಕು. ಒಳಗೆ ಅಮ್ಮನೋ ಗಂಡನೋ ಏನು ಹೇಳುತ್ತಾರೆ, ಅದನ್ನು ಅವರು ಕೂತು ಕೇಳಬೇಕು.

ನಮಸ್ಕಾರ.